ಇನ್ನೂರ ಹದಿನಾಲ್ಕು ವಾಕ್ಯಗಳು

ಪ್ರಕಾಶನದ ಕಚೇರಿಯಲ್ಲಿ ಅವಳನ್ನು ಎಲ್ಲರೂ ಅಲ್ಪವಿರಾಮದಮ್ಮ ಎನ್ನುತ್ತಿದ್ದರು. ಮೂವತ್ತು ವರ್ಷ ಕರಡು ತಿದ್ದಿದವಳು. ಮಾತಿನಲ್ಲೂ ಅಲ್ಲಲ್ಲಿ ತಡೆದು ನಿಲ್ಲುವ ಅಭ್ಯಾಸ. ಕಚೇರಿಯವರು ಕರಡು ಕೋಣೆಯನ್ನು ಮುಚ್ಚಿ, ಹಳೆಯದೊಂದು ಕಂಪ್ಯೂಟರ್ ಕೊಟ್ಟು ಮನೆಯಿಂದಲೇ ಕೆಲಸ ಮಾಡಿ ಎಂದ ಮೇಲೆ ಆ ಹೆಸರು ಹಿಡಿದು ಕರೆಯುವವರೂ ಇಲ್ಲವಾದರು. ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ಅವಳೊಬ್ಬಳೇ. ಕೆಲವು ದಿನ ಸಂಜೆಯಾದ ಮೇಲೆ, ಬೆಳಗಿನಿಂದ ಬಾಯೇ ತೆರೆದಿಲ್ಲವೆಂಬುದು ನೆನಪಾಗುತ್ತಿತ್ತು.

ಆ ಕಂಪ್ಯೂಟರಿನಲ್ಲಿ ವೈರಸ್ ಕಾಯುವ ತಂತ್ರಾಂಶವೊಂದಿತ್ತು. ಯಾರೋ ಪುಣ್ಯಾತ್ಮರು ಸಂಬಳವಿಲ್ಲದೆ ಬರೆದು, ಒಳಗಿನ ಗುಟ್ಟನ್ನೂ ಮುಚ್ಚಿಡದೆ, ಬೇಕಾದವರು ತಿದ್ದಿಕೊಳ್ಳಿ ಎಂದು ಊರಿಗೆಲ್ಲ ಬಿಟ್ಟಿಯಾಗಿ ಕೊಟ್ಟದ್ದು. ಕೊಟ್ಟವರ ಮನಸ್ಸು ದೊಡ್ಡದು, ಭಾಷೆ ಮಾತ್ರ ಕಬ್ಬಿಣದ ಕಡಲೆ.

ಒಂದು ಮಧ್ಯಾಹ್ನ, ಸೇತುವೆಗಳ ಇತಿಹಾಸದ ದಪ್ಪ ಪುಸ್ತಕಕ್ಕೆ ಅವಳು ಎರಡು ತಿಂಗಳಿಂದ ಕಟ್ಟುತ್ತಿದ್ದ ಪದಸೂಚಿ ಪರದೆಯಿಂದ ಮಾಯವಾಯಿತು. ಅದರ ಜಾಗದಲ್ಲಿ ಒಂದು ಕೆಂಪು ಚೌಕ: "ಶಂಕಿತ ಕಡತವು ಪ್ರತ್ಯೇಕಿಸಲ್ಪಟ್ಟಿತು. ಮರುಸ್ಥಾಪನೆಯನ್ನು ನಿಗ್ರಹಿಸುವುದೇ? ಹೌದು. ಇಲ್ಲ."

ಮೂರು ಸಲ ಓದಿದಳು. ಮರುಸ್ಥಾಪನೆ ಎಂಬ ಪದವೊಂದೇ ಕೈಗೆ ಸಿಕ್ಕಿತು. ಕಡತ ಮರಳಿ ಬರುತ್ತದೆಂದು 'ಹೌದು' ಒತ್ತಿದಳು. ಚೌಕವೂ ಹೋಯಿತು, ಕಡತವೂ ಹೋಯಿತು. ಪೆನ್‌ಡ್ರೈವ್‌ನಲ್ಲಿದ್ದ ಹಳೆಯ ಪ್ರತಿ 'ತ' ಅಕ್ಷರಕ್ಕೇ ನಿಂತಿತ್ತು.

ತಂಗಿಗೆ ಫೋನ್ ಮಾಡಿದಳು.

"ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸ್ತಾರಾ ಅಕ್ಕ? ಬೇರೆ ಯಾವುದಾದ್ರೂ ಹಾಕಿಸ್ಕೋ. ಮಕ್ಕಳು ಸ್ಕೂಲಿಂದ ಬಂದ್ರು, ಆಮೇಲೆ ಮಾಡ್ತೀನಿ."

ಆಮೇಲೆ ಮಾಡಲಿಲ್ಲ.

ತಂತ್ರಾಂಶ ಬಳಸುವವರು ಕಷ್ಟಸುಖ ಬರೆದುಕೊಳ್ಳುವ ಪುಟವೊಂದಿತ್ತು. ಅಲ್ಲಿ ಬರೆದಳು. ಒಬ್ಬ, ಮೊದಲು ಕೈಪಿಡಿ ಓದಿ ಎಂದ. ಇನ್ನೊಬ್ಬ, ಮುಕ್ತ ತಂತ್ರಾಂಶ ತಾನೆ, ನೀವೇ ತಿದ್ದಿ ಎಂದ. ಗಾಯದ ಮೇಲೆ ಬರೆ ಎಳೆದಂತಾಯಿತು. ಕೆಂಪು ಚೌಕದಲ್ಲಿದ್ದಂಥ ವಾಕ್ಯಗಳನ್ನು ಹೊಡೆದುಹಾಕುತ್ತಲೇ ಕೂದಲು ನರೆತವಳು ಇಂಥದೇ ಒಂದು ವಾಕ್ಯಕ್ಕೆ ಎಡವಿದ್ದಳು. ಸಿಟ್ಟಿನಲ್ಲೇ ತಿದ್ದಿ ಹಾಕಿದಳು: "ಈ ಕಡತದಲ್ಲಿ ವೈರಸ್ ಇರಬಹುದು. ಇಟ್ಟುಕೊಳ್ಳುತ್ತೀರಾ, ಅಳಿಸುತ್ತೀರಾ?" ಕಚೇರಿಯ ಪತ್ರಗಳ ರೂಢಿಯಂತೆ ಕೆಳಗೆ ಫೋನ್ ನಂಬರನ್ನೂ ಬರೆದಳು.

ಮೂರನೇ ದಿನ ಫೋನು ಬಂತು. ಗಂಡಸಿನ ದನಿ.

"ಮೇಡಂ, ಆ ವಾಕ್ಯ ಬರೆದೋನು ನಾನೇ. ಪುಟಸಂಖ್ಯೆ ಜೋಡಿಸೋಕೆ ನಿಮ್ಮ ಕಡತದಲ್ಲಿ ಮ್ಯಾಕ್ರೋ ಅಂತ ಪುಟ್ಟ ಪ್ರೋಗ್ರಾಂ ಇದ್ದಿರ್ಬೇಕು, ಅದನ್ನೇ ವೈರಸ್ ಅಂದ್ಕೊಂಡಿದೆ. ಕಡತ ವಾಪಸ್ ಬರಲ್ಲ. ತಪ್ಪಾಯ್ತು."

ಬೈಯಲೆಂದು ಮಾತು ಕೂಡಿಟ್ಟಿದ್ದವಳು ಕೇಳಿದ್ದು ಇಷ್ಟೇ: "ಬರೆದ್ಮೇಲೆ ಒಂದ್ಸಲ ಜೋರಾಗಿ ಓದಿ ನೋಡಿದ್ರಾ?"

"ಯಾರಿಗೆ ಓದ್ಲಿ? ಶುರು ಮಾಡ್ದಾಗ ಐದು ಜನ ಇದ್ವಿ. ಈಗ ನಾನೊಬ್ಬನೇ."

ಅವನು ನೀರು ಸರಬರಾಜು ಕಚೇರಿಯ ಗುಮಾಸ್ತ. ಕೆಲಸ ಮುಗಿಸಿ ಬಂದು ಇದಕ್ಕೆ ಕೂರುತ್ತಿದ್ದ. ಏಳು ವರ್ಷದಲ್ಲಿ ಬೈದು ಬರೆದವರಿಗೆ ಲೆಕ್ಕವಿಲ್ಲ. ತಿದ್ದಿ ಕಳಿಸಿದವಳು ಇವಳೊಬ್ಬಳೇ.

"ಇಂಥವು ಇನ್ನೂರ ಹದಿನಾಲ್ಕು ಇವೆ," ಎಂದ ಅಳುಕುತ್ತ.

"ಕಳಿಸಿ," ಎಂದಳು.

ಬೆಳಗಿನ ಹೊತ್ತು ಪದಸೂಚಿಯನ್ನು 'ತ'ದಿಂದ ಮತ್ತೆ ಕಟ್ಟಿದಳು. ಮಧ್ಯಾಹ್ನ ಅವನ ವಾಕ್ಯಗಳು. ಬುಧವಾರ ಸಂಜೆ ಆರಕ್ಕೆ ಅವನು ಕರೆ ಮಾಡುತ್ತಿದ್ದ. ಅವಳು ಓದುತ್ತಿದ್ದಳು, ಅವನು ಹ್ಞೂಂಗುಡುತ್ತಿದ್ದ. ಒಮ್ಮೆ 'ನಿಷ್ಕ್ರಿಯಗೊಳಿಸಲ್ಪಡಲಾಗಿದೆ' ಎಂದು ಓದಲು ಹೋಗಿ ನಾಲಿಗೆ ತೊಡರಿ, ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಬೇರೆ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

ಒಂಬತ್ತನೇ ಬುಧವಾರ ಕೊನೆಯ ವಾಕ್ಯ ಮುಗಿಯಿತು. "ತುಂಬಾ ಉಪಕಾರ ಆಯ್ತು ಮೇಡಂ," ಎಂದು ಅವನು ಫೋನಿಟ್ಟ. ಪದಸೂಚಿಯೂ ಮುಗಿದು ಕಚೇರಿಗೆ ಹೋಯಿತು. 'ತಲುಪಿದೆ' ಎಂಬ ಒಂದೇ ಪದದ ಉತ್ತರ ಬಂತು.

ಮುಂದಿನ ಬುಧವಾರ ಆರಾಯಿತು, ಆರೂಕಾಲಾಯಿತು. ಫೋನು ಸುಮ್ಮನಿತ್ತು. ತಂತ್ರಾಂಶದ ಹೊಸ ಆವೃತ್ತಿಯನ್ನು ತೆರೆದು ಎಲ್ಲಾದರೂ ತಪ್ಪು ಉಳಿದಿದೆಯೇ ಎಂದು ಹುಡುಕಿದಳು. ಒಂದೂ ಇರಲಿಲ್ಲ. ತನ್ನ ಕೆಲಸ ಇಷ್ಟು ಚೊಕ್ಕವಾಗಿರಬಾರದಿತ್ತು ಎಂದು ಮೊದಲ ಸಲ ಅನ್ನಿಸಿತು. ಏಳಕ್ಕೆ ಅವಳೇ ನಂಬರು ಒತ್ತಿದಳು.

"ಏನಾದ್ರೂ ತಪ್ಪು ಸಿಕ್ತಾ ಮೇಡಂ?"

"ಇಲ್ಲ. ಊಟ ಆಯ್ತಾ ಅಂತ ಕೇಳೋಣ ಅಂತ ಮಾಡ್ದೆ."

ಆ ಕಡೆ ಬಸ್ಸೊಂದು ಹಾದುಹೋದ ಸದ್ದು. "ಇನ್ನೂ ಇಲ್ಲ," ಎಂದ. "ಒಬ್ಬನಿಗೇ ಅಂತ ಮಾಡ್ಕೊಳ್ಳೋಕೂ ಬೇಜಾರು." ಆಮೇಲೆ, "ನಿಮ್ದು?"

"ನಂದೂ ಇಲ್ಲ."

ಅವಳು ಫೋನು ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ಅಕ್ಕಿ ಅಳೆದಳು. ಫೋನಿಡಲು ಇಬ್ಬರೂ ಅವಸರ ಮಾಡಲಿಲ್ಲ.