ಎಡಮೂಲೆಯ ಚೆಂಡು

ಬೋಳು ಚೆಂಡು ಬಲಕ್ಕೆ ಬರುತ್ತಿದೆ, ಯುದ್ಧ ಶುರುವಾದ ಮೇಲೆ ಆದೋನಿಯ ಟೆನಿಸ್ ಕ್ಲಬ್ಬಿನ ತನಕ ಹೊಸ ಚೆಂಡು ಎಲ್ಲಿ ಬರಬೇಕು, ಮೈಮೇಲಿನ ಉಣ್ಣೆಯೆಲ್ಲ ಉದುರಿ ಇದು ಪುಟಿಯುವುದಕ್ಕಿಂತ ಜಾರುವುದೇ ಹೆಚ್ಚು, ಮರಿಬಸಪ್ಪ ಕಚ್ಚೆಪಂಚೆ ಪಟಪಟ ಬಡಿಯುವಂತೆ ಓಡಿದ, ಬ್ಯಾಟು ಬೀಸಿದ, ಚೆಂಡು ಬಲೆ ದಾಟಿತು, ಸರಿ, ಈಗ ವಾಪಸು ನಡುವಕ್ಕೆ — ಹೊಡೆದಲ್ಲೇ ನಿಂತ್ಯೋ, ಕೆಟ್ಟಿ ಅಂತ ತಿಳಿ, ನಡುವಕ್ಕ ಬಾರೋ ಮಾರಾಯ, ಮದ್ರಾಸಿನ ಕಾಲೇಜಿನಲ್ಲಿ ಆಟ ಕಲಿತು ಬಂದ ಷಡ್ಡಕ ಸೋಮಶೇಖರಪ್ಪನ ಪಾಠ ಅದು, ಈಗಲೂ ಬೇವಿನ ನೆರಳಿನಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತು ಅದನ್ನೇ ಕೂಗುತ್ತಿದ್ದಾನೆ — ಎದುರಿನಂವ ಚೆಂಡಿಗೆ ಬ್ಯಾಟು ತಾಕಿಸೋ ಗಳಿಗ್ಯಾಗ ಒಂದು ಸಣ್ಣ ಕುಪ್ಪಳ ಹಾಕು, ಆಮ್ಯಾಲೆ ಯಾವ ಕಡಿಗೆ ಬಂದ್ರೂ ಕಾಲು ತಾವ ಹೋಗ್ತಾವ. ಕುಪ್ಪಳಿಸಿದ. ಅಂಗಿಯ ಒಳಗೆ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಲಿಂಗ, ಎದೆಗೆ ಟಕ್ಕೆಂದು ಬಡಿಯಿತು. ಇದೆ, ಇನ್ನೂ ಇದೆ, ಶಿವಾ.

ದಾರ ಸವದೈತಿ ನೋಡ್ರಿ, ಎಂದಿದ್ದಳು ಹೆಂಡತಿ ಕೊಟ್ರಮ್ಮ ಬೆಳಿಗ್ಗೆ ಪೂಜೆಯ ಹೊತ್ತಿನಲ್ಲಿ, ಅವನ ಕೊರಳಿನ ಶಿವದಾರವನ್ನು ಬೆರಳ ಮೇಲೆ ಹಿಡಿದು, ಎರಡೇ ಎಳಿ ಉಳಿದಾವ, ಕೂಡ್ರಿ, ಹೊಸದು ಕಟ್ಟತೀನಿ — ಸಂಜೀಗೆ ಆಟ ಮುಗಿಸಿಕೊಂಡು ಬಂದಮ್ಯಾಲೆ ಕಟ್ಟುವಂತಿ ಬಿಡು, ಈಗ ಅರಳಿ ಅಂಗಡಿಗೆ ತಡ ಆಗೇತಿ ಎಂದು ಎದ್ದು ಬಂದ, ಥೂ ನನ್ನ ಬುದ್ಧಿಗಿಷ್ಟು, ಒಂದು ಗಂಟು ಹಾಕುವಷ್ಟು ಹೊತ್ತು ಅರಳೆ ಕಾಯುತ್ತಿರಲಿಲ್ಲವೇ. ಹೊಸ ದಾರ ಪೂಜೆಯ ಗೂಡಿನಲ್ಲಿ ಹಾಗೇ ಇದೆ. ಹಳೆಯದರಲ್ಲಿ ಈಗ ಎರಡೆಳೆ ಇವೆಯೋ, ಒಂದೋ. ಎಡಗೈ ತಾನಾಗಿಯೇ ಎದೆಗೆ ಹೋಯಿತು, ಚೆಂಡು ಎಡಕ್ಕೆ ಬಂತು, ಎದೆ ಹಿಡಿದುಕೊಂಡೇ ಓಡಿದ, ಒಂದು ಕೈ ಕಟ್ಟಿಹಾಕಿಕೊಂಡವನು ಎಷ್ಟು ದೂರ ಚಾಚಿಯಾನು, ಬ್ಯಾಟಿನ ಅಂಚಿಗೆ ತಾಗಿ ಚೆಂಡು ಬಲೆಗೆ ಬಿತ್ತು. ಬಲೆಯ ಆಚೆ ನಿಂತ ಎಂಜಿನಿಯರು ನಕ್ಕ. ಕಂಡುಕೊಂಡ, ಹಾಳಾದವನು, ಇನ್ನು ಎಲ್ಲವನ್ನೂ ಎಡಮೂಲೆಗೇ ಹೊಡೆಯುತ್ತಾನೆ.

ಆಟ ನಿಲ್ಲಿಸ್ರಿ ಎಂದರೆ ಆಯಿತು, ಎರಡು ಮಾತು, ಬಾಯಿಗೆ ಬರುತ್ತಿಲ್ಲ. ಹೋದ ವರ್ಷ ತಾನು ಮೊದಲ ಸಲ ಇಲ್ಲಿಗೆ ಬಂದಾಗ ಇದೇ ಎಂಜಿನಿಯರು ಎಲ್ಲರೆದುರು ಕೇಳಿದ್ದ, ಏಮಂಡಿ ಸಾವ್ಕಾರ್ರೇ, ಕೊರಳಿಗೆ ಆ ಗುಂಡು ಕಟ್ಟಿಕೊಂಡು ನೀವೇನು ಓಡ್ತೀರಿ ಬಿಡಿ — ಹುಟ್ಟಿದಾಗಿಂದ ಐತ್ರೀ, ಒಂದು ಸಲನೂ ಅಡ್ಡ ಬಂದಿಲ್ಲ ಎಂದು ಎದೆ ತಟ್ಟಿಕೊಂಡು ಹೇಳಿದ್ದು ಇದೇ ಮರಿಬಸಪ್ಪ, ಈಗ ಅಂಗಿ ಎತ್ತಿ, ಎಲ್ಲರ ಕಣ್ಣೆದುರು ದಾರಕ್ಕೆ ಗಂಟು ಹಾಕುತ್ತ ಕೂತರೆ ಅವನು ಬಿಟ್ಟಾನೆಯೇ, ಸಾಯುವ ತನಕ ಆಡಿಕೊಳ್ಳುತ್ತಾನೆ. ಇನ್ನೊಂದೇ ಆಟ, ಮುಗಿದುಹೋಗುತ್ತದೆ. ಸರ್ವಿಸ್ ಎಂಜಿನಿಯರದು, ಸದ್ಯ, ಚೆಂಡು ಎಸೆಯಲು ತನಗೆ ಎಡಗೈ ಬೇಕಾಗಿಲ್ಲ. ಆದರೆ ಆ ಎಡಮೂಲೆ — ಅಲ್ಲಿ ಕೆಂಪು ಗರಸು ತೊಳೆದುಹೋಗಿ ಕೆಳಗಿನ ಎರೆಮಣ್ಣು ಎದ್ದಿದೆ, ಬೇಸಿಗೆಗೆ ಬಾಯಿ ಬಿಟ್ಟಿದೆ, ಮೊನ್ನೆ ಒಂದು ಚೆಂಡು ಆ ಬಿರುಕಿಗೆ ಇಳಿದು ಕೋಲು ಹಾಕಿ ಕೆದಕಿದರೂ ಸಿಗಲಿಲ್ಲ, ಹೋದದ್ದು ಹೋತು ಬಿಡ್ರಿ ಸಾವ್ಕಾರ್ರ, ಮಳಿ ಬಿದ್ರ ತಾನ ಮುಚ್ಚಿಕೊಂತೈತಿ ಎಂದಿದ್ದ ಮಾಲಿ ಜಂಬಪ್ಪ. ಅಂದು ಅಜ್ಜನೂ ಹೀಗೇ, ಊರ ಮೆಟ್ಟಿಲ ಭಾವಿಗೆ ಬಗ್ಗಿದ್ದ, ಬೊಗಸೆಯಲ್ಲಿ ನೀರು ಕುಡಿಯಲು, ಅಷ್ಟೇ, ದಾರ ಹರಿದು ಲಿಂಗ ನೀರಿಗೆ ಹೋಯಿತು, ಊರೇ ಇಳಿದು ಹುಡುಕಿತು, ಅಜ್ಜ ಮೆಟ್ಟಿಲ ಮೇಲೆ ಒದ್ದೆ ಎದೆ ಬಿಟ್ಟುಕೊಂಡು ಕೂತಿದ್ದ, ಕೊರಳಿನಿಂದ ತುಂಡು ದಾರ ಇಳಿಬಿದ್ದಿತ್ತು, ಅದರ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕೂತವನು ಮತ್ತೆ ನೀರು ಮುಟ್ಟಲಿಲ್ಲ. ಸ್ವಾಮಿಗಳೇ ಬಂದು ಹೊಸ ಲಿಂಗ ಕಟ್ಟುತ್ತೇವೆ ಎಂದರೂ ತಿರುಗಲಿಲ್ಲ. ನಮ್ಮ ಮನಿತನದಾಗ ಲಿಂಗ ಹೋದ್ರ ಅದರ ಹಿಂದ ಜೀವ ಹೋಗಬೇಕಪ್ಪ, ಎಂದು ಅವ್ವ ಪಂಪಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು. ಅವ್ವ ಈಗಲೂ ಹಾಗೇ ಹೇಳುತ್ತಾಳೆ.

ಚೆಂಡು ಬಂತು, ಹೊಡೆದ, ನಡುವಕ್ಕೆ ಬಂದ, ಕುಪ್ಪಳಿಸಿದ, ಟಕ್, ಇದೆ. ಬಿಸಿಗಾಳಿ ಎದ್ದಿದೆ, ಗಿರಣಿಯ ಕಡೆಯಿಂದ ಧೂಳು, ಬಾಯೆಲ್ಲ ಮಣ್ಣು. ಚೆಂಡು ಅವನ ಎಡಮಗ್ಗುಲಿಗೆ ಹೋದರೆ ನೀನು ನೆಟ್ಟನಡುವ ನಿಲ್ಲಬ್ಯಾಡ, ಅಂವ ಓರೆ ಹೊಡಿತಾನ, ಒಂದು ಹೆಜ್ಜಿ ಆ ಓರೆ ಕಡಿಗೆ ಸರಿ, ಸೋಮಶೇಖರಪ್ಪ ಕೂಗುತ್ತಾನೆ, ಸರಿದ, ಕುಪ್ಪಳಿಸಿದ, ಟಕ್ — ಮೆಲ್ಲಗೆ ಬಡಿಯಿತಲ್ಲ, ಕೆಳಗೆ ಬಡಿಯಿತಲ್ಲ, ಹೊಟ್ಟೆಯ ಹತ್ತಿರ, ದಾರ ಉದ್ದವಾಯಿತೇ, ಗಂಟು ಸಡಿಲಿತೇ, ನಿಲ್ಲು ಮರಿಬಸಪ್ಪ, ಈಗಲಾದರೂ ಬಾಯಿ ಬಿಡು — ಚೆಂಡು ಎಡಮೂಲೆಗೆ, ಉದ್ದಕ್ಕೆ, ಗೆರೆಯ ಮೇಲೆಯೇ ಬೀಳುವಂಥದು, ಕಾಲು ಆಗಲೇ ಹೊರಟಿವೆ, ಕಾಲಿಗೆ ಯಾರ ಮಾತೂ ಕೇಳಿಸುವುದಿಲ್ಲ, ಎದೆ ಹಿಡಿದರೆ ಮುಟ್ಟಲಾರೆ, ಎಡಗೈ ಬಿಟ್ಟ, ಹಕ್ಕಿಯ ಹಾಗೆ ಎರಡೂ ಕೈ ಚಾಚಿದ, ಬಗ್ಗಿದ, ಬಿರುಕಿನ ಅಂಚಿನಿಂದ ಚೆಂಡನ್ನು ಎತ್ತಿ ಆಚೆಗೆ ಕಳಿಸಿದ. ಭಲೇ, ಭಲೇ ನಮ್ಮ ಮರಿಬಸಪ್ಪ! ಬೇವಿನ ನೆರಳಿನವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. ಹೊಡೆದ ಮೇಲೆ ನಡುವಕ್ಕೆ, ಕಾಲು ಕರೆತಂದವು, ಎಂಜಿನಿಯರು ಬ್ಯಾಟು ಎತ್ತಿದ, ಮರಿಬಸಪ್ಪ ಕುಪ್ಪಳಿಸಿದ.

ಬಡಿಯಲಿಲ್ಲ. ಇನ್ನೊಮ್ಮೆ ಕುಪ್ಪಳಿಸಿದ, ಎಲ್ಲರೂ ನೋಡುತ್ತಿದ್ದಾರೆ, ಇನ್ನೊಮ್ಮೆ. ಚೆಂಡು ಪಕ್ಕದಲ್ಲೇ ಹಾದುಹೋಯಿತು. ಹಿಂದೆ ತಿರುಗಿ ಎಡಮೂಲೆ ನೋಡಬೇಕು, ಕರಡಿಗೆ ಗರಸಿನ ಮೇಲೆ ಬಿದ್ದಿದ್ದರೆ ಬಿಸಿಲಿಗೆ ಹೊಳೆಯಬೇಕು, ಕತ್ತು ತಿರುಗುತ್ತಿಲ್ಲ, ಬಿದ್ದ ಸದ್ದೇ ಕೇಳಲಿಲ್ಲವಲ್ಲ, ಗಟ್ಟಿ ನೆಲಕ್ಕೆ ಬಿದ್ದಿದ್ದರೆ ಸದ್ದಾಗಬೇಕಿತ್ತಲ್ಲ, ಚಪ್ಪಾಳೆಯಲ್ಲಿ ಮುಚ್ಚಿಹೋಯಿತೇ, ಬಿರುಕಿಗೇ ಇಳಿಯಿತೇ — ಕೈ ಅಂಗಿಯೊಳಗೆ ಹೋಯಿತು, ಬೆವರಿನ ಎದೆ, ಬೆರಳಿಗೆ ಸಿಕ್ಕಿದ್ದು ದಾರ, ಒದ್ದೆ, ಅದರ ತುದಿ, ಅಜ್ಜ ಮೆಟ್ಟಿಲ ಮೇಲೆ ಕೂತಿದ್ದಾನೆ, ಕೊರಳಿನಿಂದ ತುಂಡು ದಾರ ಇಳಿಬಿದ್ದಿದೆ, ತುಂಡು ದಾರ.