ತಪ್ಪಿಗೆ ತಕ್ಕ ವಾಕ್ಯ

ಬೀಗ ರಿಪೇರಿಯವನಿಗೆ ತೆಗೆಯಲಾಗದ ಬೀಗ ಊರಲ್ಲಿ ಒಂದೂ ಇರಲಿಲ್ಲ. ಅವನ ಕೈಗೆ ಸಿಗದೆ ಹೋದದ್ದು ಮಗಳೊಬ್ಬಳೇ. ಕಾದ ಎಣ್ಣೆಗೆ ಬಿದ್ದವಳ ಹಾಗೆ ಸದಾ ಸಿಡಿಯುತ್ತಿದ್ದುದರಿಂದ ಬೀದಿಯವರು ಅವಳಿಗೆ ಸಾಸಿವೆ ಎಂದು ಹೆಸರಿಟ್ಟಿದ್ದರು. ತಾಯಿ ತೀರಿಕೊಂಡ ಮೇಲೆ ಸಿಡಿತ ಇನ್ನೂ ಜೋರಾಗಿತ್ತು. ಒಮ್ಮೆ ಅಂಗಡಿಯಲ್ಲಿದ್ದ ಬೀಗದ ಕೈಗಳ ಚೀಟಿ ಅದಲುಬದಲು ಮಾಡಿ, ಬೇಕರಿಯವನದನ್ನು ಹಲ್ಲಿನ ಡಾಕ್ಟರಿಗೂ ಡಾಕ್ಟರದನ್ನು ಬೇಕರಿಯವನಿಗೂ ಮುಟ್ಟಿಸಿದಳು. ಮರುದಿನ ಬೆಳಿಗ್ಗೆ ಬ್ರೆಡ್ಡು ಬೇಕಾದವರೂ ಹಲ್ಲು ನೋಯುವವರೂ ಒಟ್ಟಾಗಿ ಬಂದು ಅಂಗಡಿ ಮುಂದೆ ನಿಂತರು.

ಸುದ್ದಿ ಬೀಗದವನ ಅಕ್ಕನ ಕಿವಿಗೆ ಬಿತ್ತು. ಅಕ್ಕ ಬೇರೆ ಊರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್. ಅವಳು ಒಮ್ಮೆ ಕೆಮ್ಮಿದರೆ ಎರಡು ಮಹಡಿಯ ಹುಡುಗಿಯರು ಸಾಲಾಗಿ ನಿಲ್ಲುತ್ತಿದ್ದರು. ಧರ್ಮಗ್ರಂಥ ಅವಳಿಗೆ ಕಂಠಪಾಠ. ಆ ದಪ್ಪ ಗ್ರಂಥದ ಒಂದು ಪ್ರತಿಯನ್ನು ತಂದು ತಮ್ಮನ ಮುಂದೆ ಧೊಪ್ಪೆಂದು ಇಟ್ಟಳು.

"ಹೊಡೀಬೇಡ, ಕಿರುಚಾಡಬೇಡ. ಅವಳು ಏನು ತಪ್ಪು ಮಾಡ್ತಾಳೋ ಅದಕ್ಕೆ ತಕ್ಕ ವಾಕ್ಯ ಹುಡುಕಿ ಒಂದು ಪುಟ ಬರೆಸು. ತಕ್ಕದ್ದೇ ಆಗ್ಬೇಕು, ನೆನಪಿರ್ಲಿ. ಹೊಟ್ಟೆನೋವಿಗೆ ಕೆಮ್ಮಿನ ಔಷಧಿ ಕೊಟ್ರೆ ಏನು ಬಂತು? ಶಾಲೆ ಶುರುವಾಗೋ ಹೊತ್ತಿಗೆ ಬರ್ತೀನಿ. ಸರಿಹೋಗಿಲ್ಲಾಂದ್ರೆ ನನ್ನ ಜೊತೆ ಹಾಸ್ಟೆಲಿಗೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?"

ಅಪ್ಪ ಹೆದರಿದ. ಇರುವವಳೊಬ್ಬಳು ಮಗಳು, ಅವಳೂ ಹೊರಟುಹೋದರೆ ತಾನು ಯಾರಿಗಾಗಿ ದುಡಿಯಬೇಕು? ಹೇಗಾದರೂ ಸರಿ, ಅವಳನ್ನು ತಿದ್ದಿ ಮನೆಯಲ್ಲೇ ಉಳಿಸಿಕೊಳ್ಳಬೇಕೆಂದು ಅಂದೇ ಔಷಧಿ ಶುರುಮಾಡಿದ.

ತೊಡಕಾದದ್ದು ಹುಡುಕುವುದರಲ್ಲಿ. ಅಕ್ಕನಿಗೆ ನಾಲಿಗೆ ತುದಿಯಲ್ಲಿದ್ದದ್ದು ಇವನಿಗೆ ದಾರಿಯಿಲ್ಲದ ಕಾಡು. ಬೀದಿಯಲ್ಲಿ ನಿಂತಿದ್ದ ಸೈಕಲ್ಲುಗಳನ್ನೆಲ್ಲ ಸಾಸಿವೆ ಒಂದೇ ಸರಪಳಿಯಲ್ಲಿ ಪೋಣಿಸಿ ಬೀಗ ಜಡಿದ ದಿನ, ಅವನು ಕೆಂಡಾಮಂಡಲವಾಗಿ ಅಂಗಡಿ ಬಾಗಿಲಿಗೆ 'ಈಗ ಬಂದೆ' ಬೋರ್ಡು ತಗುಲಿಸಿ, ಮಗಳ ಕೈ ಹಿಡಿದು ಮಹಡಿಯ ಮನೆಗೆ ಬಂದ. ಗ್ರಂಥವನ್ನು ಎಷ್ಟು ತಿರುವಿ ಹಾಕಿದರೂ ಸೈಕಲ್ಲಿನ ಸುದ್ದಿಯೇ ಇಲ್ಲ.

"ಅಪ್ಪ, ಇದನ್ನ ಬರೆಯೋವಾಗ ಸೈಕಲ್ಲೇ ಇರ್ಲಿಲ್ವಲ್ಲ," ಎಂದಳು ಸಾಸಿವೆ, ಅವನ ಮೊಣಕೈ ಕೆಳಗಿಂದ ತಲೆ ತೂರಿಸಿ.

"ಬಾಯ್ಮುಚ್ಚು. ನೀನೂ ಹುಡುಕು."

ಇಬ್ಬರೂ ಹುಡುಕಿದರು. ನೆರೆಯವನ ಎತ್ತು ಕತ್ತೆಗಳಿಗೆ ಆಸೆಪಡಬಾರದು ಎಂಬ ಮಾತು ಸಿಕ್ಕಿತು. ಸೈಕಲ್ಲನ್ನು ಕತ್ತೆಯ ಲೆಕ್ಕಕ್ಕೆ ಸೇರಿಸಬಹುದೇ ಎಂದು ದೊಡ್ಡ ಚರ್ಚೆಯಾಯಿತು. ಅಷ್ಟರಲ್ಲಿ ಇನ್ನೆಲ್ಲೋ ಮಾತಾಡುವ ಕತ್ತೆಯೇ ಎದುರಾಗಿ, ಅದರ ಕಥೆ ಮುಗಿಸದೆ ಮುಂದೆ ಹೋಗಲು ಇಬ್ಬರಿಗೂ ಮನಸ್ಸಾಗಲಿಲ್ಲ. ಅಪ್ಪ ಕತ್ತೆಯ ದನಿ ತೆಗೆದು ಓದಿದ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ತಕ್ಕ ವಾಕ್ಯ ಸಿಗುವ ಹೊತ್ತಿಗೆ ಅವನ ಕೋಪ ಹೇಳದೆ ಕೇಳದೆ ಎದ್ದು ಹೋಗಿತ್ತು. ಸಾಸಿವೆ ಪುಟ ತುಂಬ ಬರೆದಳು, ಅಪ್ಪ ಪಕ್ಕದಲ್ಲೇ ಕೂತು ಪೆನ್ಸಿಲ್ ಚೂಪು ಮಾಡಿಕೊಟ್ಟ.

ಆದರೆ ಔಷಧಿ ಕೊಟ್ಟಷ್ಟೂ ರೋಗ ಹೆಚ್ಚಿತು. ದರ್ಜಿಯ ಅಳತೆ ಟೇಪಿನ ತುದಿಯನ್ನೇ ಕತ್ತರಿಸಿಟ್ಟಳು. ಅದರಲ್ಲಿ ಮೈ ಅಳೆದು, ಮರದ ಸ್ಕೇಲಿನಿಂದ ಬಟ್ಟೆ ಗುರುತಿಸಿ ಆ ವಾರ ಅವನು ಹೊಲಿದದ್ದೆಲ್ಲ ದೊಗಳೆ. ಸುಳ್ಳು ಅಳತೆಯ ಬಗ್ಗೆ ಗ್ರಂಥದಲ್ಲಿ ವಾಕ್ಯ ಥಟ್ಟನೆ ಸಿಕ್ಕಿತು. ಇಷ್ಟು ಬೇಗ ಸಿಕ್ಕಿಬಿಟ್ಟಿತಲ್ಲ ಎಂದು ಸಾಸಿವೆಯ ಮುಖ ಸಪ್ಪಗಾಯಿತು. ಅಪ್ಪ ಗೆದ್ದ ಸಂತೋಷದಲ್ಲಿದ್ದ, ಅದನ್ನು ನೋಡಲೇ ಇಲ್ಲ.

ಶಾಲೆ ಶುರುವಾಗಲು ಇನ್ನೇನು ಒಂದು ವಾರವಿದೆ ಎನ್ನುವಾಗ ಅವನು ಮಗಳ ಗಲ್ಲ ಹಿಡಿದು ಬೇಡಿಕೊಂಡ. "ಇನ್ನು ಬಾಲ ಬಿಚ್ಚಿದ್ರೆ ಅತ್ತೆ ಕರ್ಕೊಂಡು ಹೋಗ್ತಾರೆ, ಪುಟ್ಟಾ. ನನಗೋಸ್ಕರ ಒಳ್ಳೆಯವಳಾಗಿರು."

ಸಾಸಿವೆ ಅಪರಂಜಿಯಾದಳು. ಬೀದಿಯವರು ಹುಡುಗಿಗೆ ಜ್ವರವೇನೋ ಎಂದು ವಿಚಾರಿಸಿಕೊಂಡು ಹೋದರು. ಅಪ್ಪನಿಗೆ ಹೋದ ಜೀವ ಬಂದಂತಾಯಿತು. ರಾಶಿಬಿದ್ದಿದ್ದ ಬೀಗಗಳನ್ನು ಮುಂದಿಟ್ಟುಕೊಂಡು ಬೆಂಚಿಗೆ ಅಂಟಿ ಕೂತ. ಮೇಲೆ ಮಗಳು ಮುಚ್ಚಿಟ್ಟ ತಟ್ಟೆ ತೆಗೆದು ಒಬ್ಬಳೇ ಉಂಡು, ಒಬ್ಬಳೇ ಮಲಗುತ್ತಿದ್ದಳು. ಗಲಾಟೆಯಿಲ್ಲ ಎಂದ ಮೇಲೆ ಎಲ್ಲ ಚೆನ್ನಾಗಿದೆ ಎಂದೇ ಅವನು ತಿಳಿದಿದ್ದ.

ಅಕ್ಕ ಖಾಲಿ ಸೂಟ್‌ಕೇಸ್ ಹಿಡಿದು ಅಂಗಡಿಗೆ ಕಾಲಿಟ್ಟ ಗಳಿಗೆಯಲ್ಲೇ, ಸಾಸಿವೆ ಗೋಡೆಗೆ ನೇತುಹಾಕಿದ್ದ ಬೀಗದ ಕೈಗಳನ್ನೆಲ್ಲ ಬಳಿದು ಸಾಬೂನು ನೀರಿನ ಬಕೆಟ್ಟಿಗೆ ಸುರಿದಳು.

ಅಕ್ಕ ಬಕೆಟ್ಟನ್ನು ನೋಡಿದಳು. ಇಬ್ಬರನ್ನೂ ಕರೆದುಕೊಂಡು ಮೇಲೆ ಹೋಗಿ ಬರೆದಿಟ್ಟ ಪುಟಗಳ ಕಟ್ಟನ್ನೂ ನೋಡಿದಳು. "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಇವಳ ಬಟ್ಟೆ ತೆಗಿ."

"ಅಕ್ಕ, ಇಷ್ಟು ದಿನ ಚಿನ್ನದಂಥ ಹುಡುಗಿ ಆಗಿದ್ಲು, ದೇವರಾಣೆಗೂ..." ಅಪ್ಪ ಸೂಟ್‌ಕೇಸಿಗೆ ಅಡ್ಡ ನಿಂತ.

ಅಕ್ಕ ಸೊಸೆಯ ಕಡೆ ತಿರುಗಿದಳು. "ಒಳ್ಳೆಯವಳಾಗಿದ್ದವಳು ಇವತ್ತು ಯಾಕೆ ಹೀಗೆ ಮಾಡ್ದೆ?"

ಸಾಸಿವೆ ಕಾಲ್ಬೆರಳು ನೋಡುತ್ತ ನಿಂತಳು. "ಒಳ್ಳೆಯವಳಾಗಿದ್ರೆ ಅಪ್ಪ ಮೇಲೆ ಬರೋದೇ ಇಲ್ಲ, ಅತ್ತೆ. ತಪ್ಪು ಮಾಡಿದ್ರೆ ಬರ್ತಾರೆ. ಆಮೇಲೆ ಇಬ್ರೂ ಕೂತು ಹುಡುಕ್ತೀವಿ."

ಅಪ್ಪನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಂಕಟವಾಯಿತು. ಊರವರ ಬಾಗಿಲನ್ನೆಲ್ಲ ತೆಗೆದುಕೊಟ್ಟವನು ತನ್ನ ಮನೆಯ ಮೆಟ್ಟಿಲು ಹತ್ತಲು ಮಗಳ ತಪ್ಪಿಗಾಗಿ ಕಾಯುತ್ತಿದ್ದನಲ್ಲ.

ಅಕ್ಕ ಒಂದು ಖಾಲಿ ಹಾಳೆಯನ್ನೂ ಪೆನ್ಸಿಲನ್ನೂ ತಮ್ಮನ ಮುಂದಕ್ಕೆ ಸರಿಸಿದಳು. "ಇದಕ್ಕೂ ತಕ್ಕ ವಾಕ್ಯ ಇದೆ. ಆದ್ರೆ ಬರೆಯೋನು ನೀನು. ಯಾವ ಅಧ್ಯಾಯ ಅಂದ್ರೆ..."

ಸಾಸಿವೆ ಎಗರಿ ಬಂದು ಎರಡೂ ಕೈಯಿಂದ ಅವಳ ಬಾಯಿ ಮುಚ್ಚಿದಳು.

"ಹೇಳ್ಬೇಡಿ, ಅತ್ತೆ! ನಾವೇ ಹುಡುಕ್ತೀವಿ."

ಎರಡು ಮಹಡಿಯನ್ನು ನಡುಗಿಸುವ ವಾರ್ಡನ್ ಬಾಯಿ ಮುಚ್ಚಿಸಿಕೊಂಡೇ ತಲೆಯಾಡಿಸಿ, ಸೂಟ್‌ಕೇಸನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದಳು.

ಅಪ್ಪ ಕೆಳಗಿಳಿದು ಹೋದ. 'ಈಗ ಬಂದೆ' ಬೋರ್ಡಿಗೆ ಕೈಹಾಕಿದವನು ಅದನ್ನು ಬಾಗಿಲಿಗೆ ತಗುಲಿಸದೆ ಅಲ್ಲೇ ಬಿಟ್ಟು, ಅಂಗಡಿಗೆ ಬೀಗ ಹಾಕಿ ಮೇಲೆ ಬಂದ.