ಎರಡು ಕ್ರಿಸ್ಮಸ್‌ಗಳ ಹಾಸ್ಟೆಲು

ಗಿಂತಿಲೈತೆ ಟೀಚರ್ ಸತ್ತಳೆಂದು ಸುದ್ದಿ ಬಂದರೂ ನಾನು ಅಳುವವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನನ್ನು ಯಾರೂ ಒಳ್ಳೆಯವಳೆಂದು ತಿಳಿದುಕೊಳ್ಳುವುದು ಬೇಡ.

ವೊರೊನೆಝ್‌ನಲ್ಲಿ ನಮ್ಮ ಹುಡುಗಿಯರ ಹಾಸ್ಟೆಲಿಗೆ ಅವಳು ವಾರ್ಡನ್, ನಾನು ಅಡುಗೆಯವಳು. ಸಾವಿರದ ಒಂಬೈನೂರ ಹದಿನೈದರಲ್ಲಿ ಜರ್ಮನ್ನರು ಬಂದರೆಂದು ಲಿಥುವೇನಿಯಾ ಬಿಟ್ಟು ಓಡಿದ ನಮಗೆ ರಷ್ಯಾದ ಆ ಊರಲ್ಲಿ ಮಕ್ಕಳಿಗೊಂದು ಶಾಲೆ, ತಲೆಗೊಂದು ಸೂರು ಸಿಕ್ಕಿತು. ಎಲ್ಲರೂ ದೇವರಿಗೆ ಕೈಮುಗಿದರು, ನಾನೂ ಮುಗಿದೆ. ಆದರೆ ಯಾವನೋ ವ್ಯಾಪಾರಿಯ ಹಳೆಯ ಉಗ್ರಾಣದಲ್ಲಿ ಊರೂರಿನ ಹುಡುಗಿಯರನ್ನು ಕೂಡಿಹಾಕಿದರೆ ಏನಾಗುತ್ತದೆ? ಬೆಳಗಾದರೆ ಬೂಟಿಗೆ ಜಗಳ, ಸಂಜೆಯಾದರೆ ಒಲೆ ಪಕ್ಕದ ಬೆಂಚಿಗೆ ಜಗಳ. ಸುವಾಲ್ಕಿಯಾ ಕಡೆಯ ನಾವು ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣರಂತೆ. ಝೆಮೈತಿಯಾ ಕಡೆಯವರು ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಂತೆ. ಮೊದಲನೆಯದು ಶುದ್ಧ ಸುಳ್ಳು. ಎರಡನೆಯದು ನಿಜ, ಯಾಕೆಂದರೆ ಗಿಂತಿಲೈತೆ ಝೆಮೈತಿಯಾದವಳು.

ನನ್ನ ಗಂಡ ಸಿಮಾನಾಸ್ ನಮ್ಮ ಜೊತೆ ಬರಲಿಲ್ಲ. ಅರ್ಧ ದಾರಿಯಲ್ಲಿ ಗಾಡಿಯಿಂದಿಳಿದು, ಮನೆ ಬಿಟ್ಟು ಕದಲುವುದಿಲ್ಲವೆಂದು ಕೂತಿದ್ದ ತಾಯಿಯನ್ನು ಕರೆತರಲು ಹಿಂದಕ್ಕೆ ಹೋದ. ಅವನ ಬೆನ್ನಿಗೇ ದಾರಿಯಲ್ಲಿ ಜರ್ಮನ್ ಸೈನ್ಯ ತುಂಬಿಕೊಂಡಿತು. ಹೋಗುವಾಗ ಅವನು ಹೇಳಿದ್ದು ಇಷ್ಟೇ:

"ನಾನು ಬರಕ್ಕಾಗ್ಲಿಲ್ಲ ಅಂದ್ರೆ, ಕೂಚೋಸ್ ದಿನ ಮೊದಲ್ನೇ ನಕ್ಷತ್ರ ಕಂಡ ತಕ್ಷಣ ಊಟಕ್ಕೆ ಕೂತ್ಕೋ, ಉರ್ಶುಲೆ. ನಾನೂ ಅಲ್ಲಿ ಕೂತಿರ್ತೀನಿ. ಒಟ್ಟಿಗೇ ಉಂಡ ಹಾಗೆ ಲೆಕ್ಕ."

ಕೂಚೋಸ್ ಎಂದರೆ ಕ್ರಿಸ್ಮಸ್ ಹಿಂದಿನ ಸಂಜೆಯ ಊಟ. ಆ ಊಟಕ್ಕೆ ತನ್ನವರ ಜೊತೆ ಕೂರದವರು ಮುಂದಿನ ವರ್ಷವಿಡೀ ಅಲೆಯುತ್ತಾರೆ ಎಂದು ಹಿರಿಯರ ಮಾತು. ನನಗೆ ಅಲೆದದ್ದು ಸಾಕಾಗಿತ್ತು. ಅವನ ಜೊತೆ ಕೂರಬೇಕು, ಅಷ್ಟೇ ನನ್ನ ಆಸೆ.

ಆದರೆ ನಮ್ಮಲ್ಲಿ ಕ್ರಿಸ್ಮಸ್ ಎರಡು. ನೇಮುನಾಸ್ ಹೊಳೆಯ ನಮ್ಮ ದಡದವರು ಪೋಲೆಂಡಿನವರ ಹಾಗೆ ಹೊಸ ಕ್ಯಾಲೆಂಡರ್ ಹಿಡಿದವರು. ಆಚೆ ದಡದ ಝೆಮೈತಿಯಾದವರದು ರಷ್ಯಾದ ಹಳೇ ಕ್ಯಾಲೆಂಡರ್, ಹದಿಮೂರು ದಿನ ಹಿಂದೆ. ಊರಲ್ಲಿದ್ದಾಗ ಇದೊಂದು ತಮಾಷೆ. ಹೊಳೆ ದಾಟಿ ಹೋಗಿ ಎರಡು ಸಲ ಹಬ್ಬದೂಟ ಹೊಡೆದು ಬರುವ ಹೊಟ್ಟೆಬಾಕರೂ ಇದ್ದರು. ಹಾಸ್ಟೆಲಿನಲ್ಲಿ ಇದ್ದದ್ದು ಒಂದೇ ಪೀಪಾಯಿ ಉಪ್ಪುಮೀನು, ಒಂದೇ ಚೀಲ ಗಸಗಸೆ.

ಮೊದಲ ವರ್ಷ ನಮ್ಮ ಹಬ್ಬದ ದಿನ ಗೋಡೆಯ ಮೇಲಿನ ರಷ್ಯಾದ ಕ್ಯಾಲೆಂಡರಿನಲ್ಲಿ ಡಿಸೆಂಬರ್ ಹನ್ನೊಂದು. ಒಳಗೆ ಲ್ಯಾಟಿನ್ ಪಾಠ ನಡೆದಿತ್ತು. ನಾನು ವಾರ್ಡನ್ ಕೋಣೆಗೆ ಹೋಗಿ ಬೀರುವಿನಿಂದ ಒಂದು ಹಬ್ಬದ ರೊಟ್ಟಿ ಕೊಡಿ ಎಂದು ಕೇಳಿದೆ. ಪಾದ್ರಿಗಳು ಹರಸಿಕೊಟ್ಟ, ಹಪ್ಪಳದಂಥ ತೆಳು ರೊಟ್ಟಿ ಅದು. ಮನೆಯವರೆಲ್ಲ ಮುರಿದು ಹಂಚಿಕೊಂಡ ಮೇಲೆಯೇ ಊಟ. ಗಿಂತಿಲೈತೆ ಬೀರುವಿಗೆ ಬೀಗ ಹಾಕಿ ಬೀಗದ ಕೈಯನ್ನು ಜೇಬಿಗೆ ಇಳಿಸಿದಳು.

"ಒಂದೇ ಮನೆ, ಒಂದೇ ಹಬ್ಬ. ಎರಡೆರಡು ಕ್ರಿಸ್ಮಸ್ ಮಾಡೋ ಜನ ನಾಳೆ ಒಂದು ದೇಶ ಕಟ್ತೀವಿ ಅಂದ್ರೆ ಯಾರು ನಂಬ್ತಾರೆ?"

"ಹಾಗಾದ್ರೆ ನಮ್ಮ ದಿನವೇ ಮಾಡಿ, ಟೀಚರೇ."

"ಪೋಲೆಂಡಿನವರ ಹಬ್ಬ ನಾನ್ಯಾಕೆ ಮಾಡ್ಲಿ?"

ನನ್ನ ನಾಲಿಗೆಗೂ ಎಲುಬಿಲ್ಲ. ನಿಮ್ಮ ತೆಲ್ಶಿಯೈ ಊರಲ್ಲೂ ಈಗ ಜರ್ಮನ್ನರ ಕ್ಯಾಲೆಂಡರೇ, ನಿಮ್ಮಮ್ಮ ಇವತ್ತೇ ಬಾಗಿಲು ನೋಡುತ್ತಾ ಕೂತಿರುತ್ತಾಳೆ ಎಂದುಬಿಟ್ಟೆ. ಅವಳ ಮುಖ ಬಿಳಿಚಿಕೊಂಡಿತು.

"ನಮ್ಮಮ್ಮ ಜರ್ಮನ್ನರು ಹೇಳಿದ ದಿನ ಉಣ್ಣೋಳಲ್ಲ. ಅವಳು ಕೂರೋ ದಿನವೇ ನಾನೂ ಕೂರೋದು. ನೀನು ಒಲೆ ನೋಡ್ಕೋ ಹೋಗು."

ಸಂಜೆ ನಾನು ಹಿತ್ತಲ ಮೆಟ್ಟಿಲ ಮೇಲೆ ಮಡಿಲಲ್ಲಿ ಟವಲು ಹಾಸಿ, ಒಂದು ಮೀನು, ಒಂದು ತುಂಡು ಕಪ್ಪು ಬ್ರೆಡ್ ಇಟ್ಟುಕೊಂಡು ಕೂತೆ. ನಮ್ಮ ಕಡೆಯ ನಾಲ್ಕು ಹುಡುಗಿಯರು ಹಿಂದೆಯೇ ಬಂದರು. ಬಂದವರನ್ನು ಗಿಂತಿಲೈತೆ ಗಂಟೆ ಬಾರಿಸಿ ಓದಿಗೆ ಕರೆದುಕೊಂಡಳು. ನಕ್ಷತ್ರ ಕಂಡಾಗ ನಾನೊಬ್ಬಳೇ ಇದ್ದೆ. ಬ್ರೆಡ್ಡು ಚಳಿಗೆ ಕಲ್ಲಾಗಿತ್ತು. ಸಿಮಾನಾಸ್ ಕೂತಿದ್ದಾನೆ ಎಂದುಕೊಂಡು ಅಗಿದೆ. ಸತ್ಯ ಹೇಳುತ್ತೇನೆ, ಅಂಥ ರುಚಿಯ ಊಟ ಆಮೇಲೆ ಉಂಡಿಲ್ಲ.

ಹದಿಮೂರು ದಿನ ಕಳೆದು ಅವಳ ಹಬ್ಬ ಬಂತು. ಮೇಜಿನ ಮೇಲೆ ಹುಲ್ಲು, ಹುಲ್ಲಿನ ಮೇಲೆ ಬಿಳಿ ಬಟ್ಟೆ, ಗಸಗಸೆ ಹಾಲು, ಬೀಟ್‌ರೂಟ್ ಸಾರು, ಎಲ್ಲ ಮಾಡಿದೆ. ಸಾರಿಗೆ ಉಪ್ಪು ಒಂದು ಹಿಡಿ ಹೆಚ್ಚೇ ಹಾಕಿದೆ. ನನಗೂ ಜಾಗ ಇಟ್ಟಿದೆ ಎಂದು ಗಿಂತಿಲೈತೆ ಹೇಳಿ ಕಳಿಸಿದಳು. ನನ್ನ ಹಬ್ಬ ಮುಗಿಯಿತು, ಇದು ನಿಮ್ಮದು ಎಂದು ಹೇಳಿ ಕಳಿಸಿ ಒಲೆಯ ಹತ್ತಿರವೇ ನಿಂತೆ. ಅವರು ಹಾಡಿ, ಉಂಡು, ಏಳುವವರೆಗೂ ನಿಂತೇ ಇದ್ದೆ.

ಎರಡನೆಯ ವರ್ಷವೂ ಇದೇ ಕಥೆ. ಮೂರನೆಯ ವರ್ಷದ ಹೊತ್ತಿಗೆ ತ್ಸಾರ್ ಸಿಂಹಾಸನದಿಂದ ಇಳಿದಿದ್ದ, ಬ್ರೆಡ್ಡಿಗೂ ಬರ ಬಂದಿತ್ತು. ಬೆಳಗಿನ ಪ್ರಾರ್ಥನೆ ಇರಬೇಕೋ ಬೇಡವೋ ಎಂದು ಹುಡುಗಿಯರು ಜಡೆ ಹಿಡಿದು ಹೊಡೆದಾಡುತ್ತಿದ್ದರು. ಗಿಂತಿಲೈತೆ ಬಡಕಲಾಗಿದ್ದಳು, ಕೆಮ್ಮುತ್ತಿದ್ದಳು. ಅವಳ ಹಬ್ಬದ ಸಂಜೆ ತಾನೇ ಅಡುಗೆಮನೆಗೆ ಬಂದು ರೊಟ್ಟಿ ಮುರಿದು ಅರ್ಧವನ್ನು ನನ್ನ ಮುಂದೆ ಹಿಡಿದಳು.

"ಜಗಳ ನಾಳೆ ಆಡೋಣ ಉರ್ಶುಲೆ. ಇವತ್ತು ಒಂದು ಗಳಿಗೆ ಬಂದು ನನ್ನ ಪಕ್ಕ ಕೂತ್ಕೋ."

ನನ್ನ ಹೊಟ್ಟೆಯೊಳಗಿನ ಬೆಂಕಿ ಆರಿರಲಿಲ್ಲ. ಹರಸಿದ ರೊಟ್ಟಿ, ಬಿಸಾಡುವಂತಿಲ್ಲ. ಅದಕ್ಕೇ ಇಸಿದುಕೊಂಡು ಶೆಲ್ಫಿನ ಮೇಲಿಟ್ಟೆ. ಬಾಯಿಗೆ ಹಾಕಲಿಲ್ಲ. ಬೆನ್ನು ತಿರುಗಿಸಿ ಪಾತ್ರೆ ತಿಕ್ಕತೊಡಗಿದೆ. ಅವಳು ಉಳಿದರ್ಧ ಹಿಡಿದುಕೊಂಡು ಹೋದಳು. ಮುಂದಿನ ಬೇಸಿಗೆಯಲ್ಲಿ ಊರಿಗೆ ಹೊರಟ ರೈಲಿನಲ್ಲಿ ಇಬ್ಬರೂ ಒಂದೇ ಡಬ್ಬಿಯಲ್ಲಿದ್ದೆವು. ಮಾತಾಡಲಿಲ್ಲ.

ಸಿಮಾನಾಸ್ ಬದುಕಿದ್ದ. ಅತ್ತೆ ತೀರಿಕೊಂಡಿದ್ದಳು. ಮನೆಯ ಅರ್ಧ ಮಾಡು ಹೋಗಿತ್ತು, ಮೇಜು ಮಾತ್ರ ಹಾಗೇ ಇತ್ತು. ಅವನು ನನ್ನನ್ನು ಅದರ ಮುಂದೆ ಕೂರಿಸಿ, ಎದುರಿನ ಬೆಂಚು ತೋರಿಸಿದ.

"ಮೂರು ವರ್ಷ ಇಲ್ಲೇ ಕೂತೆ ಕಣೇ. ಅಮ್ಮ ಬೈದು ಬೈದು ಇಟ್ಟಳು. ನಮ್ಮ ಕೂಚೋಸ್ ದಿನ ಅವಳಿಗೆ ಬಡಿಸಿ ನಾನು ಕೊಟ್ಟಿಗೆಗೆ ಹೋಗ್ಬಿಡ್ತಿದ್ದೆ."

ಯಾಕೆ ಎಂದೆ.

"ಯಾಕೆ ಅಂದ್ರೆ? ನೀನು ಇದ್ದಿದ್ದು ರಷ್ಯಾದಲ್ಲಿ. ಅಲ್ಲಿ ಎಲ್ಲರಿಗೂ ಹಾಕೋದು ಒಂದೇ ಊಟ, ರಷ್ಯಾದ ದಿನಾನೇ ಹಾಕ್ತಾರೆ. ಅಷ್ಟೂ ಗೊತ್ತಾಗಲ್ವಾ ನಂಗೆ? ಹದಿಮೂರು ದಿನ ಕಾದು, ನಿನ್ನ ದಿನವೇ ಕೂರ್ತಿದ್ದೆ."

ಅವನ ಮುಖದಲ್ಲಿ ಜಾಣತನದ ಖುಷಿ. ನನಗೆ ಅವನ ಕೆನ್ನೆಗೆ ಬಾರಿಸಬೇಕು ಎನಿಸಿತು, ತಬ್ಬಿಕೊಂಡು ಅಳಬೇಕು ಎಂದೂ ಎನಿಸಿತು. ಎರಡನ್ನೂ ಮಾಡಲಿಲ್ಲ. ಅವನು ಈ ಬೆಂಚಿನಲ್ಲಿ ಕೂತು ನನ್ನ ಜೊತೆ ಉಂಡ ಮೂರು ಸಂಜೆಯೂ ನಾನು ಹಟಕ್ಕೆ ಬಿದ್ದು ಒಲೆಯ ಮುಂದೆ ನಿಂತಿದ್ದೆ.

"ನೀನೂ ಕೂತಿದ್ದೆ ಅಲ್ವಾ?" ಎಂದ.

"ಕೂತಿದ್ದೆ."

"ಪಕ್ಕದಲ್ಲಿ ಯಾರಿದ್ರು?"

"ಗಿಂತಿಲೈತೆ ಅಂತ ಒಬ್ಬ ಟೀಚರ್" ಎಂದೆ. "ರೊಟ್ಟಿ ಮುರಿದು ಕೊಟ್ಟಳು."